ಓದುಗರ ಪ್ರಶ್ನೆ: ಹೀಬ್ರೂ ಮತ್ತು ಗ್ರೀಕ್ ಒಂದೇ ತಾಯಿಯ ಮಕ್ಕಳೇ?

ಈ ತಿಂಗಳು ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಒಂದೇ ವಿಷಯದ ಸುತ್ತ ಇವೆ. ಹೀಬ್ರೂ ಮತ್ತು ಗ್ರೀಕ್ ಪದಗಳನ್ನು ಅಕ್ಕಪಕ್ಕ ಇಟ್ಟ ಒಂದು ಪಟ್ಟಿ ನಮ್ಮ ಮಲೆನಾಡಿನ ಮೊಬೈಲುಗಳಲ್ಲಿ ಓಡಾಡುತ್ತಿರುವ ಹಾಗೆ ಕಾಣುತ್ತದೆ. ಆದ್ದರಿಂದ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು, ಈ ಸಲ ಪೂರಾ ಇದನ್ನೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಮೇಷ್ಟ್ರೇ, ನಮ್ಮ ಕಾಲೇಜಿನ ಗುಂಪಿನಲ್ಲಿ ಒಂದು ಪಟ್ಟಿ ಬಂತು. ಚಿನ್ನಕ್ಕೆ ಹೀಬ್ರೂವಿನಲ್ಲಿ ಹಾರೂತ್ಸ್, ಗ್ರೀಕಿನಲ್ಲಿ ಖ್ರೂಸೋಸ್. ದ್ರಾಕ್ಷಾರಸಕ್ಕೆ ಯಾಯಿನ್, ಓಯ್ನೋಸ್. ಕೊಂಬಿಗೆ ಕೆರೆನ್, ಕೆರಾಸ್. ಏಳಕ್ಕೆ ಶೆವಾ, ಹೆಪ್ತಾ. ಒಂಟೆಗೆ ಗಾಮಾಲ್, ಕಾಮೇಲೋಸ್. ಇಷ್ಟೊಂದು ಹೊಂದಿಕೆ ಇರುವುದರಿಂದ ಎರಡೂ ಮೂಲದಲ್ಲಿ ಒಂದೇ ಭಾಷೆ ಅಂತ ಬರೆದಿತ್ತು. ನಿಜವೇ?
*ಪದವಿ ವಿದ್ಯಾರ್ಥಿನಿ, ತೀರ್ಥಹಳ್ಳಿ*

ಉತ್ತರ: ಪಟ್ಟಿಯ ಪದಗಳು ನಿಜ ಕಣಮ್ಮ. ಅದರಿಂದ ತೆಗೆದ ತೀರ್ಮಾನ ಮಾತ್ರ ತಪ್ಪು.

ಹೀಬ್ರೂ ಸೆಮಿಟಿಕ್ ಕುಟುಂಬದ ಭಾಷೆ. ಅರಬ್ಬಿ, ಅರಾಮಿಕ್, ಹಳೆಯ ಫಿನಿಷಿಯನ್, ಬ್ಯಾಬಿಲೋನಿನ ಅಕ್ಕಾಡಿಯನ್ ಎಲ್ಲ ಅದರ ಒಡಹುಟ್ಟುಗಳು. ಗ್ರೀಕ್ ಇಂಡೋ-ಯುರೋಪಿಯನ್ ಕುಟುಂಬದ್ದು, ಅದರ ನಂಟು ಸಂಸ್ಕೃತ, ಲ್ಯಾಟಿನ್, ಪರ್ಷಿಯನ್ ಜತೆ. ಈ ಎರಡು ಕುಟುಂಬಗಳಿಗೆ ಒಂದೇ ತಾಯಿ ಎಂದು ಇದುವರೆಗೆ ಯಾರೂ ಸಾಧಿಸಿ ತೋರಿಸಿಲ್ಲ.

ಹಾಗಾದರೆ ಭಾಷೆಗಳ ನೆಂಟಸ್ತನವನ್ನು ಹೇಗೆ ಗುರುತಿಸುತ್ತಾರೆ? ನಮ್ಮ ಮನೆಮಾತನ್ನೇ ನೋಡಿ. ತಮಿಳಿನಲ್ಲಿ ಪಾಲ್, ಕನ್ನಡದಲ್ಲಿ ಹಾಲು. ಅಲ್ಲಿ ಪಲ್, ಇಲ್ಲಿ ಹಲ್ಲು. ಪುಲಿ ಹುಲಿಯಾಗಿದೆ, ಪೂ ಹೂವಾಗಿದೆ, ಪತ್ತು ಹತ್ತಾಗಿದೆ. ಹಳಗನ್ನಡದಲ್ಲೂ ಇವೆಲ್ಲ ಪಕಾರದಲ್ಲೇ ಇದ್ದವು, ಆಮೇಲೆ ಸಾಲು ಸಾಲಾಗಿ ಹಕಾರವಾದವು. ಒಂದು ಪದ ಕೇಳಿದರೆ ಇನ್ನೊಂದು ಹೇಗಿರಬಹುದು ಅಂತ ನೀವೇ ಊಹಿಸಬಹುದು, ಮತ್ತು ಊಹೆ ಬಹಳ ಸಲ ಸರಿಯಾಗುತ್ತದೆ. ನೆಂಟಸ್ತನಕ್ಕೆ ಸಾಕ್ಷಿ ಇದು. ಪದಗಳು ಒಂದೇ ತರ ಕೇಳಿಸಬೇಕು ಅಂತಲೇ ಇಲ್ಲ, ವ್ಯತ್ಯಾಸಕ್ಕೆ ಒಂದು ಕ್ರಮ ಇರಬೇಕು.

ಸಂಸ್ಕೃತ ಮತ್ತು ಗ್ರೀಕಿನ ನಡುವೆ ಆ ಕ್ರಮ ಎದ್ದು ಕಾಣುತ್ತದೆ. ಪದದ ಮೊದಲಲ್ಲಿ ಇದ್ದ ಸಕಾರ ಗ್ರೀಕಿನಲ್ಲಿ ಹಕಾರವಾಯಿತು. ಸಪ್ತ ಅಲ್ಲಿ ಹೆಪ್ತಾ. ಸರ್ಪಕ್ಕೆ ನೆಂಟನಾದ ಗ್ರೀಕ್ ಪದ ಹೆರ್ಪೆಟೋನ್, ಅಂದರೆ ಹರಿದಾಡುವ ಪ್ರಾಣಿ. ವ್ಯಾಕರಣವೂ ಹೊಂದುತ್ತದೆ: 'ಕೊಡುತ್ತೇನೆ' ಎನ್ನಲು ಸಂಸ್ಕೃತದಲ್ಲಿ ದದಾಮಿ, ಗ್ರೀಕಿನಲ್ಲಿ ದಿದೋಮಿ. ನೀರಿಗೆ ನಾವು ಸಂಸ್ಕೃತದಿಂದ ಪಡೆದ ಉದಕ, ಗ್ರೀಕಿನಲ್ಲಿ ಹುದೋರ್, ಎರಡೂ ಒಂದೇ ಬೇರಿನವು. ಈ ತರದ ನಂಟನ್ನು ಗುರುತಿಸಿ 1786ರಲ್ಲಿ ಕಲ್ಕತ್ತೆಯಲ್ಲಿ ವಿಲಿಯಂ ಜೋನ್ಸ್ ಮಾಡಿದ ಭಾಷಣ ಪ್ರಸಿದ್ಧ. ಇನ್ನೊಂದು ಕಡೆ ಹೀಬ್ರೂ ಮತ್ತು ಅರಬ್ಬಿ ನೋಡಿ. ಶಾಲೋಮ್ ಎಂಬುದು ಸಲಾಂ, ಶೆಮೆಶ್ ಎಂಬ ಸೂರ್ಯ ಶಮ್ಸ್, ನಾಲಗೆಗೆ ಲಾಶೋನ್ ಅಲ್ಲಿ ಲಿಸಾನ್, ವರ್ಷಕ್ಕೆ ಶಾನಾ ಅಲ್ಲಿ ಸನಾ. ಇಲ್ಲೂ ಸಾಲು ಸಿಕ್ಕಿತು.

ಈಗ ಹೀಬ್ರೂ ಮತ್ತು ಗ್ರೀಕನ್ನು ಎದುರುಬದುರು ಕೂರಿಸಿ. ಕೈಗೆ ಯಾದ್, ಖೇಯ್ರ್. ಕಣ್ಣಿಗೆ ಆಯಿನ್, ಒಫ್ತಾಲ್ಮೋಸ್. ನೀರಿಗೆ ಮಾಯಿಮ್, ಹುದೋರ್. ಮೈಯ ಅಂಗ, ತಿನ್ನುವುದು, ಬರುವುದು, ಹೋಗುವುದು, ಇಂಥ ದಿನಬಳಕೆಯ ಪದಗಳಲ್ಲಿ ಒಂದಕ್ಕೊಂದು ಸಂಬಂಧವೇ ಕಾಣುವುದಿಲ್ಲ. ಪದ ಕಟ್ಟುವ ರೀತಿಯೂ ಬೇರೆ. ಹೀಬ್ರೂವಿನಲ್ಲಿ ಮೂರು ವ್ಯಂಜನಗಳೇ ಪದದ ಜೀವ, ನಡುವಿನ ಸ್ವರ ಬದಲಾದಂತೆ ಅರ್ಥ ಬದಲಾಗುತ್ತದೆ: ಮೆಲೆಖ್ ಎಂದರೆ ರಾಜ, ಮಲ್ಕಾ ರಾಣಿ, ಮಾಲಖ್ ಆಳಿದನು. ಗ್ರೀಕಿನಲ್ಲಿ ಸಂಸ್ಕೃತದ ಹಾಗೆ ಪದದ ಕೊನೆಗೆ ವಿಭಕ್ತಿ ಹತ್ತುತ್ತದೆ.

ಹೊಂದುವ ಪದಗಳು ಎಂಥವು ಅಂತ ಗಮನಿಸಿದರೆ ಅರ್ಧ ಉತ್ತರ ಅಲ್ಲೇ ಇದೆ. ಚಿನ್ನ, ಒಂಟೆ, ಜೀರಿಗೆ, ದಾಲ್ಚಿನ್ನಿ, ಧೂಪ, ನಾರುಬಟ್ಟೆ, ಅಂಗಿ, ಚೀಲ. ಎಲ್ಲವೂ ಅಂಗಡಿಯ ಸಾಮಾನು. ಗೋಣಿಯಂಥ ಒರಟು ಬಟ್ಟೆಗೆ ಹೀಬ್ರೂವಿನಲ್ಲಿ ಸಕ್, ಗ್ರೀಕಿನಲ್ಲಿ ಸಾಕ್ಕೋಸ್, ಅಲ್ಲಿಂದ ಇಂಗ್ಲಿಷಿನ ಸ್ಯಾಕ್ ಬಂತು. ವ್ಯಾಪಾರದಲ್ಲಿ ಕೊಡುವ ಮುಂಗಡಕ್ಕೆ ಹೀಬ್ರೂವಿನಲ್ಲಿ ಎರಾವೋನ್, ಗ್ರೀಕಿನಲ್ಲಿ ಅರ್ರಾಬೋನ್. ಮುಂಗಡದ ಪದವೇ ದಾಟಿ ಹೋಗಬೇಕಾದರೆ ಎಷ್ಟು ವ್ಯಾಪಾರ ನಡೆದಿರಬೇಕು, ಯೋಚಿಸಿ. ಹಡಗು ನಡೆಸಿದವರು ಹೆಚ್ಚಾಗಿ ಫಿನಿಷಿಯನ್ನರು, ಈಗಿನ ಲೆಬನಾನ್ ಕರಾವಳಿಯ ಜನ. ಅವರ ಮಾತು ಹೀಬ್ರೂವಿಗೆ ತೀರ ಹತ್ತಿರದ್ದು. ಹಾಗಾಗಿ ಗ್ರೀಕರು ನೇರವಾಗಿ ಹೀಬ್ರೂವಿನಿಂದಲೇ ತೆಗೆದುಕೊಂಡರು ಅನ್ನುವುದಕ್ಕಿಂತ, ಹೀಬ್ರೂವಿನ ಅಕ್ಕತಂಗಿಯರಿಂದ ತೆಗೆದುಕೊಂಡರು ಅಂದರೆ ಸರಿ.

ಇದು ಸುಮ್ನೆ ಊಹೆಯಲ್ಲ. 1952ರಲ್ಲಿ ಮೈಕೆಲ್ ವೆಂಟ್ರಿಸ್ ಎಂಬ ವಾಸ್ತುಶಿಲ್ಪಿ ಲೀನಿಯರ್ ಬಿ ಎಂಬ ಲಿಪಿಯನ್ನು ಬಿಡಿಸಿ ಓದಿದರು, ಅದರಲ್ಲಿದ್ದದ್ದು ಹಳೆಯ ಗ್ರೀಕ್. ಕ್ರೀಟ್ ದ್ವೀಪ ಮತ್ತು ಗ್ರೀಸಿನ ಅರಮನೆಗಳ ಮಣ್ಣಿನ ಹಲಗೆಗಳು ಅವು, ಮೂರು ಸಾವಿರ ವರ್ಷಕ್ಕೂ ಹಳೆಯವು. ಅವುಗಳಲ್ಲಿ ಚಿನ್ನಕ್ಕೆ ಕು-ರು-ಸೋ, ಅಂಗಿಗೆ ಕಿ-ತೋ, ಜೀರಿಗೆಗೆ ಕು-ಮಿ-ನೋ, ಎಳ್ಳಿಗೆ ಸ-ಸ-ಮ ಎಂದಿದೆ. ಅರಮನೆಯ ಉಗ್ರಾಣದ ಲೆಕ್ಕ ಅದು. ಅಂದರೆ ಹೋಮರನ ಕಾಲಕ್ಕೂ ಮೊದಲೇ ಈ ಸೆಮಿಟಿಕ್ ಪದಗಳು ಗ್ರೀಕರ ಬಾಯಲ್ಲಿದ್ದವು.

ಸಾಲವೆಂದು ಗೊತ್ತಾಗುವುದಕ್ಕೆ ಇನ್ನೊಂದು ಗುರುತಿದೆ. ಹೀಬ್ರೂವಿನ ಕಮ್ಮೋನ್ (ಜೀರಿಗೆ) ಗ್ರೀಕಿನಲ್ಲಿ ಕುಮಿನೋನ್, ಅಲ್ಲಿ ಕಕಾರ ಕಕಾರವಾಗಿಯೇ ಉಳಿಯಿತು. ಹೀಬ್ರೂವಿನ ಕುತ್ತೋನೆತ್ (ಅಂಗಿ) ಗ್ರೀಕಿನಲ್ಲಿ ಖಿತೋನ್, ಅದೇ ಕಕಾರ ಇಲ್ಲಿ ಖಕಾರ. ಗಾಮಾಲ್ ಕಾಮೇಲೋಸ್ ಆದಾಗ ಗಕಾರ ಕಕಾರವಾಯಿತು. ಬೇರೆ ಬೇರೆ ಬಂದರು, ಬೇರೆ ಬೇರೆ ಕಾಲ, ಕೇಳಿದವರ ಕಿವಿಗೆ ಹೇಗೆ ಬಿತ್ತೋ ಹಾಗೆ. ಹುಟ್ಟಿನ ನಂಟಾಗಿದ್ದರೆ ಹಾಲು–ಹಲ್ಲು–ಹುಲಿಯಲ್ಲಿ ಕಂಡ ಶಿಸ್ತು ಇಲ್ಲೂ ಇರುತ್ತಿತ್ತು.

ನಿಮ್ಮ ಪಟ್ಟಿಯಲ್ಲಿ ಉಳಿದವು ದ್ರಾಕ್ಷಾರಸ, ಕೊಂಬು ಮತ್ತು ಏಳು. ಇವು ನಿಜಕ್ಕೂ ಕಷ್ಟದ ಪದಗಳು, ವಿದ್ವಾಂಸರಲ್ಲೇ ಒಮ್ಮತ ಇಲ್ಲ. ಓಯ್ನೋಸ್ ಮೊದಲು ವೋಯ್ನೋಸ್ ಆಗಿತ್ತು. ಯಾಯಿನ್ ಕೂಡ ಮೊದಲು ವಕಾರದಿಂದಲೇ ಶುರುವಾಗುತ್ತಿತ್ತು, ಹೀಬ್ರೂವಿನಲ್ಲಿ ಪದದ ಮೊದಲ ವಕಾರ ಯಕಾರವಾಗುವುದು ನಿಯಮ. ಜಾರ್ಜಿಯಾ ದೇಶದ ಭಾಷೆಯಲ್ಲಿ ಅದು ಗ್ವಿನೋ, ಅದಂತೂ ಮೂರನೆಯ ಕುಟುಂಬ. ಅದೇ ಜಾರ್ಜಿಯಾದಲ್ಲಿ ಸುಮಾರು 8,000 ವರ್ಷ ಹಳೆಯ ಮಡಕೆಗಳಲ್ಲಿ ದ್ರಾಕ್ಷಾರಸದ ಗುರುತು ಸಿಕ್ಕಿದೆ. ಬಳ್ಳಿ ಬೆಳೆದ ಸೀಮೆಯಿಂದ ಹೊರಟ ಪದ ಸುತ್ತಲಿನ ಎಲ್ಲರ ಬಾಯಿಗೂ ಹೋಯಿತು ಅನ್ನುವುದು ನನಗೆ ಹೆಚ್ಚು ಒಪ್ಪಿಗೆಯಾಗುವ ವಿವರಣೆ. ಗೂಳಿಗೆ ಗ್ರೀಕಿನಲ್ಲಿ ತೌರೋಸ್, ಅರಬ್ಬಿಯಲ್ಲಿ ಥೌರ್, ಹೀಬ್ರೂವಿನಲ್ಲಿ ಶೋರ್. ಅದೂ ದನಕರುಗಳ ಜತೆ ಬಹಳ ಹಿಂದೆಯೇ ದಾಟಿರಬಹುದು. ಕೊಂಬು ಕೂಡ ಅದೇ ದಾರಿ ಹಿಡಿದಿರಬಹುದು ಎನ್ನುವವರಿದ್ದಾರೆ.

ಏಳಿನಂಥ ಸಂಖ್ಯೆಗಳಲ್ಲಿ ಮಾತ್ರ ಹುಷಾರಾಗಿರಬೇಕು, ಪಕ್ಕದ ಆರನ್ನೇ ನೋಡಿ. ಆರಕ್ಕೆ ಹೀಬ್ರೂವಿನಲ್ಲಿ ಶೇಶ್, ಸಂಸ್ಕೃತದಲ್ಲಿ ಷಷ್. ನೋಡಿದರೆ ಅವಳಿಗಳೇ. ಆದರೆ ಆರನೆಯದು ಎನ್ನುವುದಕ್ಕೆ ಅರಬ್ಬಿಯಲ್ಲಿ ಸಾದಿಸ್, ಅಂದರೆ ಸೆಮಿಟಿಕ್ ಮೂಲದಲ್ಲಿ ನಡುವೆ ಒಂದು ದಕಾರ ಇತ್ತು. ಗ್ರೀಕಿನಲ್ಲಿ ಹೆಕ್ಸ್, ಅಂದರೆ ಆ ಕಡೆಯ ಮೂಲದಲ್ಲಿ ಒಂದು ಕಕಾರ ಇತ್ತು. ಹಿಂದಕ್ಕೆ ಹೋದಷ್ಟೂ ಇವು ಹತ್ತಿರ ಬರಬೇಕಿತ್ತು, ದೂರ ಹೋದವು. ಈಗ ಕಾಣುವ ಹೋಲಿಕೆ ಆಮೇಲೆ ಹುಟ್ಟಿದ್ದು.

ಪ್ರಶ್ನೆ: ಎರಡೂ ಭಾಷೆಯ ಅಕ್ಷರಗಳ ಹೆಸರು ಒಂದೇ ಅಲ್ವಾ? ಆಲೆಫ್, ಬೇತ್, ಗಿಮೆಲ್, ದಾಲೆತ್. ಆಲ್ಫಾ, ಬೀಟಾ, ಗಾಮಾ, ಡೆಲ್ಟಾ. ಇದಕ್ಕೇನು ಹೇಳುತ್ತೀರಿ?
*ಕೊಪ್ಪದಿಂದ ಒಬ್ಬ ಹೈಸ್ಕೂಲು ಶಿಕ್ಷಕರು*

ಉತ್ತರ: ಲಿಪಿ ಬೇರೆ, ಭಾಷೆ ಬೇರೆ. ಕೊಂಕಣಿಯನ್ನು ನಾವು ಕನ್ನಡ ಅಕ್ಷರದಲ್ಲಿ ಬರೆದರೂ ಅದು ಕನ್ನಡದ ತಂಗಿ ಆಗುವುದಿಲ್ಲವಲ್ಲ.

ಗ್ರೀಕರು ಅಕ್ಷರಗಳನ್ನು ಫಿನಿಷಿಯನ್ನರಿಂದ ಕಲಿತರು. ಈ ಅಕ್ಷರಗಳಲ್ಲಿ ಸಿಕ್ಕಿರುವ ಹಳೆಯ ಗ್ರೀಕ್ ಬರಹಗಳು ಕ್ರಿ.ಪೂ. 8ನೇ ಶತಮಾನದವು. ಗ್ರೀಕ್ ಇತಿಹಾಸಕಾರ ಹೆರೊಡೋಟಸನೇ ಇದನ್ನು ಬರೆದಿಟ್ಟಿದ್ದಾನೆ: ಕಾಡ್ಮಸ್ ಎಂಬವನ ಜತೆ ಬಂದ ಫಿನಿಷಿಯನ್ನರು ಅಕ್ಷರ ತಂದರು, ಅದಕ್ಕೇ ಅವನ್ನು ಫಿನಿಷಿಯನ್ ಅಕ್ಷರ ಅನ್ನುತ್ತೇವೆ ಅಂತ. ಸೆಮಿಟಿಕ್ ಭಾಷೆಗಳಲ್ಲಿ ಆ ಹೆಸರುಗಳಿಗೆ ಅರ್ಥ ಇದೆ. ಆಲೆಫ್ ಎಂದರೆ ಎತ್ತು, ಬೇತ್ ಎಂದರೆ ಮನೆ, ದಾಲೆತ್ ಎಂದರೆ ಬಾಗಿಲು. ಗ್ರೀಕಿನಲ್ಲಿ ಆಲ್ಫಾ, ಬೀಟಾ ಎಂಬವಕ್ಕೆ ಅಕ್ಷರದ ಹೆಸರು ಎನ್ನುವುದು ಬಿಟ್ಟು ಬೇರೆ ಅರ್ಥವೇ ಇಲ್ಲ. ಯಾರು ಕೊಟ್ಟವರು, ಯಾರು ತೆಗೆದುಕೊಂಡವರು ಅಂತ ಇದರಲ್ಲೇ ಗೊತ್ತಾಗುತ್ತದೆ.

ಆದರೆ ಗ್ರೀಕರು ಒಂದು ದೊಡ್ಡ ಕೆಲಸ ಮಾಡಿದರು. ಫಿನಿಷಿಯನ್ ಲಿಪಿಯಲ್ಲಿ ಸ್ವರಗಳಿಗೆ ಅಕ್ಷರ ಇರಲಿಲ್ಲ. ತಮ್ಮ ಬಾಯಲ್ಲಿ ಇಲ್ಲದ ಕೆಲವು ಗಂಟಲ ಧ್ವನಿಗಳ ಅಕ್ಷರಗಳನ್ನು ಗ್ರೀಕರು ಅ, ಎ, ಒ ಎಂಬ ಸ್ವರಗಳಿಗೆ ಬಳಸಿಕೊಂಡರು. ಆಲೆಫ್ ಆಲ್ಫಾ ಆಗಿದ್ದು ಹೀಗೆ. ಈಗಿನ ಹೀಬ್ರೂ ಬರಹವನ್ನು ನೋಡಿದರೆ ಗ್ರೀಕಿಗೆ ಸಂಬಂಧ ಕಾಣದು, ಯಾಕೆಂದರೆ ಯೆಹೂದಿಗಳು ಆಮೇಲೆ ಅರಾಮಿಕ್ ಲಿಪಿಗೆ ಬದಲಾಯಿಸಿಕೊಂಡರು. ಅದೂ ಮೂಲತಃ ಫಿನಿಷಿಯನ್ ಕೊಂಬೆಯೇ.

ಮಕ್ಕಳಿಗೆ ಹೇಳಲು ಇನ್ನೊಂದು ವಿಷಯ ಕೊಡುತ್ತೇನೆ. ಅಫ್ಘಾನಿಸ್ತಾನದ ಕಂದಹಾರ್‌ನಲ್ಲಿ 1958ರಲ್ಲಿ ಸಿಕ್ಕ ಅಶೋಕನ ಶಾಸನದಲ್ಲಿ ಮೇಲೆ ಗ್ರೀಕ್, ಕೆಳಗೆ ಅರಾಮಿಕ್ ಇದೆ. ಹೀಬ್ರೂವಿನ ತಂಗಿಯೂ ಗ್ರೀಕೂ ಒಂದೇ ಬಂಡೆಯ ಮೇಲೆ, ಅದೂ ಮಸ್ಕಿ, ಬ್ರಹ್ಮಗಿರಿಯಲ್ಲಿ ಶಾಸನ ಬರೆಸಿದ ಅದೇ ಅರಸನ ಮಾತಾಗಿ. ಬ್ರಹ್ಮಗಿರಿ ಚಿತ್ರದುರ್ಗ ಜಿಲ್ಲೆಯಲ್ಲೇ ಇದೆ, ಕರೆದುಕೊಂಡು ಹೋಗಿ.

ಪ್ರಶ್ನೆ: ಹೀಬ್ರೂವೇ ಎಲ್ಲ ಭಾಷೆಗಳ ತಾಯಿ ಅಂತ ಓದಿದ್ದೆ. ಇನ್ನೂ ಹಿಂದೆ ಹೋದರೆ ಎಲ್ಲವೂ ಒಂದೇ ಆಗಿರಲೇಬೇಕಲ್ಲ?
*ಭದ್ರಾವತಿಯ ನಿವೃತ್ತ ಕಾರ್ಮಿಕರು*

ಉತ್ತರ: ಹೀಬ್ರೂ ಎಲ್ಲದರ ತಾಯಿ ಎಂಬುದು ಯುರೋಪಿನ ಪಂಡಿತರಲ್ಲಿ ಬಹಳ ಕಾಲ ಇದ್ದ ನಂಬಿಕೆ. ಗ್ರೀಕ್ ಪದಗಳನ್ನು ಎಳೆದು ಹಿಂಜಿ ಹೀಬ್ರೂವಿಗೆ ಜೋಡಿಸುವ ಪುಸ್ತಕಗಳು ಆಗ ಬೇಕಾದಷ್ಟು ಬಂದವು. ಜರ್ಮನಿಯ ಲೈಬ್ನಿಟ್ಸ್ ಅಂಥವರು ಆಗಲೇ ಅದನ್ನು ಒಪ್ಪಿರಲಿಲ್ಲ. ನಮ್ಮಲ್ಲೂ ಎಲ್ಲ ಭಾಷೆಗೂ ಸಂಸ್ಕೃತವೇ ತಾಯಿ ಎನ್ನುವ ಮಾತು ಇನ್ನೂ ಕೇಳಿಬರುತ್ತದೆ. ಕನ್ನಡ, ತಮಿಳು, ತೆಲುಗುಗಳದ್ದು ಬೇರೆಯೇ ಕುಟುಂಬ ಅಂತ ಮದರಾಸಿನ ಬ್ರಿಟಿಷ್ ಅಧಿಕಾರಿ ಎಲ್ಲಿಸ್ 1816ರಲ್ಲೇ ತೋರಿಸಿದ್ದರು, ಪಾದ್ರಿ ಕಾಲ್ಡ್‌ವೆಲ್ 1856ರಲ್ಲಿ ವಿವರವಾಗಿ ಬರೆದರು.

ಇನ್ನೂ ಹಿಂದೆ ಹೋದರೆ ಎನ್ನುತ್ತೀರಿ. ಅದಕ್ಕೊಂದು ವಾದ ಇದೆ, ಅದರ ಹೆಸರು ನಾಸ್ಟ್ರಾಟಿಕ್. ಡೆನ್ಮಾರ್ಕಿನ ಹೋಲ್ಗರ್ ಪೆಡರ್ಸನ್ 1903ರಲ್ಲಿ ಆ ಹೆಸರಿಟ್ಟರು. ಆಮೇಲೆ 1960ರ ದಶಕದಲ್ಲಿ ರಷ್ಯಾದ ವಿದ್ವಾಂಸರು ಅದನ್ನು ಬೆಳೆಸಿ ಇಂಡೋ-ಯುರೋಪಿಯನ್, ಸೆಮಿಟಿಕ್ ಕಡೆಯ ಭಾಷೆಗಳು, ನಮ್ಮ ದ್ರಾವಿಡವನ್ನೂ ಸೇರಿಸಿ ಒಂದೇ ಬುಡಕ್ಕೆ ತಂದರು. ಹೆಚ್ಚಿನ ಭಾಷಾವಿಜ್ಞಾನಿಗಳು ಇದನ್ನು ಒಪ್ಪಿಲ್ಲ. ಧ್ವನಿಗಳು ಸಾವಿರಾರು ವರ್ಷ ಸವೆದು ಸವೆದು ಕೊನೆಗೆ ನಿಜವಾದ ನಂಟು ಯಾವುದು, ಆಕಸ್ಮಿಕ ಯಾವುದು ಎಂದು ಬೇರೆ ಮಾಡಲಾಗದ ಸ್ಥಿತಿ ಬರುತ್ತದೆ. ಮೂಲ ಒಂದೇ ಆಗಿದ್ದಿರಬಹುದು. ಆದರೆ ಇರಬಹುದು ಎನ್ನುವುದು ಸಾಕ್ಷಿ ಅಲ್ಲ.

ಪ್ರಶ್ನೆ: ನಾವು ಶಿವಮೊಗ್ಗದಲ್ಲಿ ಪ್ರತಿ ಭಾನುವಾರ ಚರ್ಚಿಗೆ ಹೋಗುವವರು. ಪ್ರಾರ್ಥನೆಯಲ್ಲಿ ಕೇಳುವ ಪದಗಳಲ್ಲಿ ಹೀಬ್ರೂ ಯಾವುದು, ಗ್ರೀಕ್ ಯಾವುದು ತಿಳಿಸುತ್ತೀರಾ? ನನ್ನ ಮಗಳು ಕೇಳಿದಳು, ನನಗೆ ಹೇಳಲಾಗಲಿಲ್ಲ.
*ಗೃಹಿಣಿ, ಶಿವಮೊಗ್ಗ*

ಉತ್ತರ: ಖಂಡಿತ ಮೇಡಂ, ಮಗಳ ಪ್ರಶ್ನೆ ಒಳ್ಳೆಯದಿದೆ.

ಆಮೆನ್, ಹಲ್ಲೆಲೂಯಾ, ಹೊಸನ್ನ ಈ ಮೂರೂ ಹೀಬ್ರೂ ಕಡೆಯವು. ಆಮೆನ್ ಎಂದರೆ ಹಾಗೆಯೇ ಆಗಲಿ, ಇದು ಖಂಡಿತ ಎಂದು. ಹಲ್ಲೆಲೂ ಎಂದರೆ ಸ್ತುತಿಸಿರಿ, ಕೊನೆಯ ಯಾಹ್ ದೇವರ ಹೆಸರು. ಹೊಸನ್ನ ಮೊದಲಿಗೆ ರಕ್ಷಿಸು ಎಂಬ ಮೊರೆಯಾಗಿತ್ತು, ಬರಬರುತ್ತಾ ಜಯಘೋಷವಾಯಿತು. ಕೀರಿಯೇ ಎಲೇಯ್ಸೋನ್ ಗ್ರೀಕ್, ಸ್ವಾಮಿ ಕರುಣಿಸು ಅಂತ. ಬಿಷಪ್ ಎನ್ನುವುದು ಗ್ರೀಕಿನ ಎಪಿಸ್ಕೋಪೋಸ್, ಮೇಲ್ವಿಚಾರಣೆ ನೋಡುವವನು. ಕರಾವಳಿಯವರು ಚರ್ಚಿಗೆ ಇಗರ್ಜಿ ಅನ್ನುತ್ತಾರಲ್ಲ, ಅದು ಪೋರ್ಚುಗೀಸರಿಂದ ಬಂದದ್ದು, ಅದರ ಹಿಂದೆ ಗ್ರೀಕಿನ ಎಕ್ಲೇಸಿಯಾ ಇದೆ.

ಮೆಸ್ಸೀಯ ಮತ್ತು ಕ್ರಿಸ್ತ ಎರಡಕ್ಕೂ ಅರ್ಥ ಒಂದೇ, ಅಭಿಷೇಕ ಹೊಂದಿದವನು. ಮೊದಲನೆಯದು ಹೀಬ್ರೂ, ಎರಡನೆಯದು ಅದರ ಗ್ರೀಕ್ ಅನುವಾದ. ಇವೆರಡರ ಧ್ವನಿಯಲ್ಲಿ ಚೂರೂ ಹೋಲಿಕೆ ಇಲ್ಲ ನೋಡಿ. ಯೇಸು ಎಂಬ ಹೆಸರಿನ ಪ್ರಯಾಣ ಇನ್ನೂ ಚೆನ್ನಾಗಿದೆ. ಮೂಲದಲ್ಲಿ ಯೇಶುವಾ. ಗ್ರೀಕಿನಲ್ಲಿ ಶಕಾರ ಇಲ್ಲ, ಹಾಗಾಗಿ ಸಕಾರ ಹಾಕಿದರು. ಗಂಡಸರ ಹೆಸರಿನ ಕೊನೆಗೆ ಗ್ರೀಕ್ ವಾಡಿಕೆಯಂತೆ ಇನ್ನೊಂದು ಸಕಾರ ಸೇರಿಸಿದರು. ಈಯೇಸೂಸ್ ಆಯಿತು.

ಇದಕ್ಕೆಲ್ಲ ಕಾರಣ ಇತಿಹಾಸ. ಅಲೆಕ್ಸಾಂಡರ್ ಕ್ರಿ.ಪೂ. 332ರಲ್ಲಿ ಆ ಸೀಮೆಯನ್ನು ಗೆದ್ದ ಮೇಲೆ ಗ್ರೀಕ್ ಅಲ್ಲಿನ ಆಡಳಿತದ, ಪಟ್ಟಣದ ಭಾಷೆಯಾಯಿತು. ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ ಯೆಹೂದಿಗಳು ತಮ್ಮ ಧರ್ಮಗ್ರಂಥವನ್ನು ಕ್ರಿ.ಪೂ. 3ನೇ ಶತಮಾನದಿಂದಲೇ ಗ್ರೀಕಿಗೆ ಅನುವಾದ ಮಾಡತೊಡಗಿದರು. ಆಗ ಸಾಲದ ದಾರಿ ತಿರುಗಿತು, ಗ್ರೀಕ್ ಪದಗಳು ಹೀಬ್ರೂ ಒಳಗೆ ನುಗ್ಗಿದವು. ಯೆಹೂದಿಗಳ ಹಿರಿಯರ ಸಭೆಗೆ ಸನ್ಹೆದ್ರಿನ್ ಎಂಬ ಹೆಸರು ಗ್ರೀಕಿನ ಸುನೆದ್ರಿಯೋನ್. ಗಾಳಿಗೆ ಅವಿರ್, ಬಂದರಿಗೆ ನಮಾಲ್, ಲೆಕ್ಕದ ಪುಸ್ತಕಕ್ಕೆ ಪಿಂಕಾಸ್ ಎಲ್ಲ ಗ್ರೀಕ್ ಮೂಲದವು, ಇಂದಿನ ಇಸ್ರೇಲಿನಲ್ಲೂ ಬಳಕೆಯಲ್ಲಿವೆ. ಯೆಹೂದಿಗಳ ಪ್ರಾರ್ಥನಾ ಮಂದಿರಕ್ಕೆ ನಾವು ಹೇಳುವ ಸಿನಗಾಗ್ ಕೂಡ ಗ್ರೀಕೇ. ಕೂಡುವುದು, ಸೇರುವುದು ಎಂದರ್ಥ. ಮಗಳಿಗೆ ಇಷ್ಟು ಹೇಳಿ, ಇನ್ನೂ ಕೇಳಿದರೆ ಪತ್ರ ಬರೆಯಿರಿ.

ಪ್ರಶ್ನೆ: ನಮ್ಮದು ಸಾಗರದ ಹತ್ತಿರ ಅಡಿಕೆ ತೋಟ, ನಡುವೆ ಮೆಣಸಿನ ಬಳ್ಳಿ. ನಮ್ಮ ಕಡೆಯ ಪದಾರ್ಥಗಳ ಹೆಸರೂ ಈ ಭಾಷೆಗಳಲ್ಲಿ ಇದೆಯೇ?
*ಕೃಷಿಕರು, ಸಾಗರ ತಾಲ್ಲೂಕು*

ಉತ್ತರ: ಇದೆ ಸ್ವಾಮಿ, ಚೆನ್ನಾಗಿಯೇ ಇದೆ. ಈ ಪ್ರಶ್ನೆ ಬಂದಿದ್ದು ನನಗೆ ಬಹಳ ಸಂತೋಷ. ಯಾಕೆಂದರೆ ಹೀಬ್ರೂ ಮತ್ತು ಗ್ರೀಕ್ ಹೋಲಿಕೆಯ ಪಟ್ಟಿ ಹಾಕುವವರು ಮೂರನೆಯವರ ಮನೆಯಿಂದ ಇಬ್ಬರೂ ತಂದ ಪದಗಳನ್ನು ಮರೆತೇ ಬಿಡುತ್ತಾರೆ.

ಮೆಣಸಿಗೆ ಹೀಬ್ರೂವಿನಲ್ಲಿ ಪಿಲ್ಪೆಲ್, ಗ್ರೀಕಿನಲ್ಲಿ ಪೆಪೆರಿ. ಇಬ್ಬರಿಗೂ ಅದು ಭಾರತದ್ದೇ. ಸಂಸ್ಕೃತದ ಪಿಪ್ಪಲಿ ಪರ್ಷಿಯನ್ನರ ಬಾಯಿ ದಾಟಿ ಅಲ್ಲಿಗೆ ಹೋಯಿತು. ಪಿಪ್ಪಲಿ ಅಂದರೆ ನಿಮ್ಮ ತೋಟದ ಅಂಚಿನಲ್ಲಿ, ಹಳ್ಳದ ಪಕ್ಕದಲ್ಲಿ ಬೆಳೆಯುವ ಹಿಪ್ಪಲಿ. ಇಲ್ಲೂ ಪಕಾರ ಹಕಾರವಾಯಿತು. ಗ್ರೀಕರು ಉದ್ದ ಹಿಪ್ಪಲಿಯ ಹೆಸರನ್ನೇ ಕಾಳುಮೆಣಸಿಗೂ ಇಟ್ಟರು. ಗಿಡಮೂಲಿಕೆಗಳ ಬಗ್ಗೆ ಬರೆದ ಥಿಯೋಫ್ರಾಸ್ಟಸ್, ಅರಿಸ್ಟಾಟಲನ ಶಿಷ್ಯ, ಒಂದು ದುಂಡಗಿನದು, ಇನ್ನೊಂದು ಉದ್ದನೆಯದು ಅಂತ ಎರಡು ಬಗೆ ಹೇಳಿದ್ದಾನೆ.

ಶುಂಠಿಗೆ ಹೀಬ್ರೂವಿನಲ್ಲಿ ಜಂಗ್ವಿಲ್, ಗ್ರೀಕಿನಲ್ಲಿ ಜಿಂಗಿಬೆರಿಸ್. ಇದರ ಹಿಂದೆ ಪಾಲಿಯ ಸಿಂಗಿವೇರ ಇದೆ. ಅದರ ಕೊನೆಯ ವೇರ ನಮ್ಮ ದ್ರಾವಿಡ ಪದ ಎಂದು ವಿದ್ವಾಂಸರು ಹೇಳುತ್ತಾರೆ: ತಮಿಳಿನ ವೇರ್, ಕನ್ನಡದ ಬೇರು. ಹತ್ತಿ ಬಟ್ಟೆಗೆ ಎರಡೂ ಕಡೆ ಸಂಸ್ಕೃತದ ಕರ್ಪಾಸವೇ, ಹೀಬ್ರೂವಿನಲ್ಲಿ ಕರ್ಪಾಸ್, ಗ್ರೀಕಿನಲ್ಲಿ ಕಾರ್ಪಸೋಸ್. ದಾಲ್ಚಿನ್ನಿಯ ಕಿನ್ನಮೋಮೋನ್ ಎಂಬ ಹೆಸರನ್ನು ಫಿನಿಷಿಯನ್ನರಿಂದ ಕಲಿತೆವು ಅಂತ ಹೆರೊಡೋಟಸ್ ಬರೆದಿದ್ದಾನೆ. ಹೀಬ್ರೂವಿನಲ್ಲಿ ಅದು ಕಿನ್ನಮೋನ್.

ನಿಮಗೆ ಖಂಡಿತ ಇಷ್ಟವಾಗುವ ಒಂದನ್ನು ಕೊನೆಗೆ ಇಟ್ಟುಕೊಂಡಿದ್ದೆ. ಬೈಬಲಿನ ಅರಸುಗಳ ಗ್ರಂಥದಲ್ಲಿ ಸೊಲೊಮೋನ ರಾಜನ ಹಡಗುಗಳು ಚಿನ್ನ, ಬೆಳ್ಳಿ, ದಂತದ ಜತೆ ಕೋಫ್ ಮತ್ತು ತುಕ್ಕಿ ಎಂಬ ಪ್ರಾಣಿಗಳನ್ನು ತಂದವು ಎಂದಿದೆ. ಕೋಫ್ ಎಂದರೆ ಕೋತಿ, ಸಂಸ್ಕೃತದ ಕಪಿ ಮತ್ತು ಗ್ರೀಕಿನ ಕೇಪೋಸ್ ಜತೆ ಅದನ್ನು ಹೋಲಿಸುತ್ತಾರೆ. ತುಕ್ಕಿ ಎಂದರೆ ನವಿಲು ಎಂದು ಹಳೆಯ ಅನುವಾದಗಳು ಹೇಳುತ್ತವೆ, ಅದನ್ನು ತಮಿಳಿನ ತೋಗೈಗೆ ಜೋಡಿಸಿದವರು ಬಹಳ ಮಂದಿ. ತೋಗೈ ಎಂದರೆ ನವಿಲಿನ ಗರಿ. ಅದರ ಕನ್ನಡ ರೂಪ ಸೋಗೆ. ಹಳಗನ್ನಡದಲ್ಲಿ ಸೋಗೆ ಎಂದರೆ ನವಿಲಿನ ಗರಿ, ನವಿಲು. ನಾವು ಅಡಿಕೆ ಮರದ ಗರಿಗೆ ಆ ಹೆಸರು ಉಳಿಸಿಕೊಂಡೆವು, ಮಳೆಗಾಲಕ್ಕೆ ಮೊದಲು ಮನೆಗೆ, ಕೊಟ್ಟಿಗೆಗೆ ಹೊದಿಸುತ್ತಿದ್ದ ಅದೇ ಸೋಗೆ. ತುಕ್ಕಿಯ ಈ ನಂಟನ್ನು ಎಲ್ಲರೂ ಒಪ್ಪಿಲ್ಲ, ಅದನ್ನೂ ಹೇಳಬೇಕು. ಆದರೆ ಹಿಪ್ಪಲಿಯ ವಿಷಯದಲ್ಲಿ ಅನುಮಾನ ಇಲ್ಲ.

ಪ್ರಶ್ನೆ: ಗ್ರೀಸಿನಲ್ಲಿ ಈಗಲೂ ನೀರಿಗೆ ನೆರೋ ಅನ್ನುತ್ತಾರಂತೆ. ಹೀಬ್ರೂ ಮಕ್ಕಳು ಅಪ್ಪನಿಗೆ ಅಬ್ಬಾ, ಅಮ್ಮನಿಗೆ ಇಮ್ಮಾ ಅನ್ನುತ್ತಾರಂತೆ. ಹಾಗಾದರೆ ಕನ್ನಡವೇ ಎರಡಕ್ಕೂ ಹತ್ತಿರ ಅಲ್ವಾ?
*ಹೊಸನಗರದಿಂದ ಬಸ್ ಕಂಡಕ್ಟರ್ ಒಬ್ಬರು*

ಉತ್ತರ: ಎರಡೂ ನಿಜ, ಎರಡೂ ನಂಟಲ್ಲ.

ಹಳೆಯ ಗ್ರೀಕಿನಲ್ಲಿ ನೀರಿಗೆ ಹುದೋರ್ ಎನ್ನುತ್ತಿದ್ದರು ಎಂದು ಮೇಲೆ ನೋಡಿದೆವು. ಆಮೇಲೆ ತಾಜಾ ನೀರು ಎನ್ನುವುದಕ್ಕೆ ನೇಯರೋನ್ ಹುದೋರ್ ಎನ್ನುವ ರೂಢಿ ಬಂತು. ನೇಯರೋನ್ ಎಂದರೆ ತಾಜಾ, ಹೊಸದು. ನಿಧಾನಕ್ಕೆ ಎರಡನೆಯ ಪದ ಬಿದ್ದುಹೋಗಿ ನೆರೋ ಮಾತ್ರ ಉಳಿಯಿತು. ನಮ್ಮ ನೀರು ದ್ರಾವಿಡದ್ದು, ತಮಿಳು, ತೆಲುಗಿನಲ್ಲೂ ಇದೆ. ಎರಡು ಪದ ಬೇರೆ ಬೇರೆ ಊರಿಂದ ಹೊರಟು ಒಂದೇ ರೂಪಕ್ಕೆ ಬಂದು ನಿಂತವು, ಅಷ್ಟೇ. ಸಾವಿರಾರು ಪದಗಳಿರುವ ಯಾವ ಎರಡು ಭಾಷೆ ತೆಗೆದುಕೊಂಡರೂ ಹೀಗೆ ಕೆಲವು ಸಿಕ್ಕೇ ಸಿಗುತ್ತವೆ.

ಅಪ್ಪ, ಅಮ್ಮನ ಕಾರಣ ಬೇರೆ. ಹಸುಗೂಸಿಗೆ ಮೊದಲು ಒಗ್ಗುವ 'ಪ', 'ಬ', 'ಮ' ತುಟಿಯ ಧ್ವನಿಗಳು. ಮಗು ಏನೋ ಗುನುಗುತ್ತದೆ, ತಂದೆತಾಯಿ ಅದನ್ನು ತಮ್ಮ ಹೆಸರು ಅಂತ ಖುಷಿಪಡುತ್ತಾರೆ. ಲೋಕದ ಎಲ್ಲ ಕಡೆಯೂ ಇದು ಹೀಗೇ ಆಗುವುದರಿಂದ ಭಾಷೆಗಳ ನೆಂಟಸ್ತನ ನೋಡುವಾಗ ಈ ಪದಗಳನ್ನು ಪಕ್ಕಕ್ಕಿಡುತ್ತಾರೆ.

ಪ್ರಶ್ನೆ: ಕಾಡಿಗೆ ನಾವು ಕಾನು ಅನ್ನುತ್ತೇವೆ. ಕಾನಿನ ಜಾಗಕ್ಕೇ ಕಾನೂನು ಜಾಸ್ತಿ. ಎರಡಕ್ಕೂ ಸಂಬಂಧ ಇದೆಯೇ? ಬಗರ್ ಹುಕುಂ ಅರ್ಜಿ ಹಿಡಿದು ಓಡಾಡುವಾಗ ಬಂದ ಯೋಚನೆ ಇದು.
*ಸೊರಬ ತಾಲ್ಲೂಕಿನ ರೈತರು*

ಉತ್ತರ: ಸಂಬಂಧ ಇಲ್ಲ. ಕಾನು ಅಚ್ಚ ದ್ರಾವಿಡ, ತಮಿಳಿನಲ್ಲೂ ಕಾನ್ ಎಂದರೆ ಕಾಡು. ಆದರೆ ಈ ಸಂಚಿಕೆಯ ವಿಷಯಕ್ಕೆ ನಿಮ್ಮ ಕಾನೂನಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಗುತ್ತಿರಲಿಲ್ಲ.

ಜೊಂಡು, ಲಾಳದ ಕಡ್ಡಿಗೆ ಹೀಬ್ರೂವಿನಲ್ಲಿ ಕಾನೆ, ಅಕ್ಕಾಡಿಯನ್ನಿನಲ್ಲಿ ಕನೂ. ಜೊಂಡಿನ ಕಡ್ಡಿ ನೆಟ್ಟಗಿರುತ್ತದೆ, ಅಳತೆಗೋಲಾಗಿ ಬಳಸುತ್ತಿದ್ದರು. ಆ ಸೆಮಿಟಿಕ್ ಪದ ಗ್ರೀಕಿಗೆ ಹೋಗಿ ಕಾನ್ನಾ ಆಯಿತು. ಅದರಿಂದ ಕಾನೋನ್ ಹುಟ್ಟಿತು: ನೆಟ್ಟನೆಯ ಕೋಲು, ಅಳತೆಗೋಲು, ಕೊನೆಗೆ ನಿಯಮ. ಗ್ರೀಕಿನಿಂದ ಅದು ಮತ್ತೆ ಸೆಮಿಟಿಕ್ ಕಡೆಗೇ ಮರಳಿ ಅರಬ್ಬಿಯಲ್ಲಿ ಕಾನೂನ್ ಆಯಿತು. ಅಲ್ಲಿಂದ ಪರ್ಷಿಯನ್, ಹಿಂದೂಸ್ತಾನಿ ದಾಟಿ ನಮ್ಮ ಕಚೇರಿಗೆ ಬಂತು. ಹೀಬ್ರೂವಿನ ಮನೆತನದಿಂದ ಹೊರಟು, ಗ್ರೀಕರ ಮನೆಯಲ್ಲಿ ಅರ್ಥ ಬದಲಾಯಿಸಿಕೊಂಡು, ಅರಬ್ಬರ ಮೂಲಕ ಸೊರಬಕ್ಕೆ ಬಂದ ಪದ ಅದು.

ಕಚೇರಿಯಲ್ಲಿ ಇನ್ನೂ ಹುಡುಕಬಹುದು. ದಫ್ತರು ಗ್ರೀಕಿನ ದಿಫ್ಥೆರಾ, ಅಂದರೆ ಬರೆಯಲು ಹದ ಮಾಡಿದ ಚರ್ಮ. ಕಾಯಿದೆಯ ಕಲಂ ಎಂಬಲ್ಲಿ ಇರುವುದು ಗ್ರೀಕಿನ ಕಾಲಮೋಸ್, ಬರೆಯುವ ಕಡ್ಡಿ, ಅದೂ ಅರಬ್ಬಿಯ ಮೂಲಕವೇ ಬಂದದ್ದು. ಜಮೀನಿನ ಮಾಲೀಕ ಮತ್ತು ಹೀಬ್ರೂವಿನ ಮೆಲೆಖ್ ಎಂಬ ರಾಜ ಒಂದೇ ಮೂರು ವ್ಯಂಜನದಿಂದ ಹುಟ್ಟಿದವರು, ಮ-ಲ-ಕ. ಇದು ಸಾಲವಲ್ಲ, ಅರಬ್ಬಿ ಮತ್ತು ಹೀಬ್ರೂ ನಡುವಿನ ನಿಜವಾದ ಹುಟ್ಟಿನ ನಂಟು. ಇನ್ನು ಬಗರ್ ಹುಕುಂ. ಬಗೈರ್ ಎಂದರೆ ಇಲ್ಲದೆ, ಹುಕುಂ ಎಂದರೆ ಅಪ್ಪಣೆ, ತೀರ್ಪು. ಹುಕುಂ ಎಂಬುದರ ಹ-ಕ-ಮ ಎಂಬ ಬೇರಿನಿಂದಲೇ ಹೀಬ್ರೂವಿನ ಹೊಖ್ಮಾ ಬಂದಿದೆ, ಅದಕ್ಕೆ ಅರ್ಥ ವಿವೇಕ. ನಿಮ್ಮ ಅರ್ಜಿ ಬೇಗ ಇತ್ಯರ್ಥವಾಗಲಿ ಎಂದು ಮನಸಾರೆ ಹಾರೈಸುತ್ತೇನೆ.